ವಚನಗ್ರಂಥಗಳನ್ನು ಮನೆಮನೆಗೆ ಮುಟ್ಟಿಸಿದ ಫ. ಗು. ಹಳಕಟ್ಟಿಯವರು

ಗ್ರಂಥವನ್ನು ರಚಿಸುವುದು ಒಂದು ಪುಣ್ಯಕಾರ್ಯ. ಹಳೆಯ ಗ್ರಂಥವನ್ನು ಶೋಧಿಸಿ ಉದ್ಧರಿಸುವುದು ಎರಡನೆಯ ಪುಣ್ಯಕಾರ್ಯ. ಆದರೆ ರಚಿತವಾದ ಅಥವಾ ಉದ್ಧೃತವಾದ ಗ್ರಂಥವನ್ನು ಓದುವವರ ಕೈಗೆ ಮುಟ್ಟಿಸುವುದು ಮೂರನೆಯದಾದ ಒಂದು ಕಾರ್ಯವುಂಟು. ಇದನ್ನು ಲೋಕವು ಪುಣ್ಯದ ಲೆಕ್ಕದಲ್ಲಿ ಹಿಡಿಯುವುದಿಲ್ಲ. ವ್ಯಾಪಾರವೆಂದು ಬದಿಗೆ ಸರಿಸುತ್ತದೆ. ವಿದ್ವಾಂಸರಾದವರು ಅದಕ್ಕೆ ನಾಚುತ್ತಾರೆ. ವ್ಯಾಪಾರಿಗಳು ಅದರಲ್ಲಿ ಲಾಭ ಕಾಣದೆ ಹಿಂಜರಿಯುತ್ತಾರೆ. ಈ ಇಬ್ಬರ ನಡುವೆ ಬಿದ್ದು ಎಷ್ಟೋ ಉತ್ತಮ ಗ್ರಂಥಗಳು ಅಚ್ಚಾದ ಮೇಲೆಯೂ ಗೆದ್ದಲಿಗೆ ಆಹಾರವಾಗಿ ಹೋಗಿವೆ. ಹನ್ನೆರಡನೆಯ ಶತಮಾನದ ಶಿವಶರಣರ ವಚನಗಳಿಗೆ ಅಂತಹ ಗತಿ ಬರದಂತೆ ಈ ಮೂರು ಕಾರ್ಯಗಳಲ್ಲಿ ಕಡೆಯ ಎರಡನ್ನೂ ತಮ್ಮ ಹೆಗಲಮೇಲೆ ಹೊತ್ತವರು ವಿಜಾಪುರದ ವಕೀಲರಾದ ಶ್ರೀ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ಅವರ ಸಂಶೋಧನೆಯ ಮಹಿಮೆಯು ಎಲ್ಲರಿಗೂ ತಿಳಿದದ್ದಾಗಿದೆ. ಶೋಧಿಸಿದುದನ್ನು ಹಂಚಲು ಅವರು ಪಟ್ಟ ಪಾಡು ಅಷ್ಟಾಗಿ ತಿಳಿದಿಲ್ಲ. ಆದುದರಿಂದ ಅವರ ಚರಿತ್ರೆಯನ್ನು ಇಲ್ಲಿ ಆ ಮುಖದಿಂದ ನಿರೂಪಿಸಲಾಗುವುದು.

ಹಳಕಟ್ಟಿಯವರು ೧೮೮೦ನೆಯ ಇಸವಿ ಜುಲೈ ೨ರಂದು ಧಾರವಾಡದಲ್ಲಿ ಜನಿಸಿದರು. ತಂದೆಯವರಾದ ಗುರುಬಸಪ್ಪನವರು ಶಿಕ್ಷಕರು; ಅಷ್ಟೇ ಅಲ್ಲದೆ ಕನ್ನಡದಲ್ಲಿ ಗ್ರಂಥಗಳನ್ನು ಬರೆದವರು. ತಾಯಿಯವರಾದ ದಾನಮ್ಮನವರು ಮಗನ ಎಳೆತನದಲ್ಲಿಯೇ ತೀರಿಕೊಂಡರು. ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ ಆಗ ಮರಾಠಿಯ ಪ್ರಾಬಲ್ಯವು ವಿಶೇಷವಾಗಿದ್ದಿತು. ಕನ್ನಡದಲ್ಲಿ ಬರೆದವನು ತನ್ನ ಓದುಗನನ್ನು ತಾನೇ ಹುಡುಕಿಕೊಳ್ಳಬೇಕಾಗಿದ್ದಿತು. ಬರೆಯುವ ಶಿಕ್ಷಕನ ಮನೆಯಲ್ಲಿ ಬೆಳೆದ ಬಾಲಕನು ಪುಸ್ತಕದ ಆದರವನ್ನೂ ಅದರ ಬಡತನವನ್ನೂ ಒಟ್ಟಿಗೇ ಕಂಡು ಬೆಳೆದನು.

ಧಾರವಾಡದಲ್ಲಿ ೧೮೯೬ರಲ್ಲಿ ಮ್ಯಾಟ್ರಿಕ್ ಪರೀಕ್ಷೆಯನ್ನು ಮುಗಿಸಿ ಅವರು ಮುಂಬಯಿಗೆ ಹೋಗಿ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರು. ೧೯೦೧ರಲ್ಲಿ ವಿಜ್ಞಾನದ ಪದವಿಯೂ ೧೯೦೪ರಲ್ಲಿ ಕಾನೂನಿನ ಪದವಿಯೂ ದೊರೆತುವು. ಕರ್ನಾಟಕದ ಏಕೀಕರಣಕ್ಕಾಗಿ ಬಾಳನ್ನೇ ಸವೆಸಿದ ಆಲೂರ ವೆಂಕಟರಾಯರ ಸ್ನೇಹವು ಅವರಿಗೆ ವಿದ್ಯಾರ್ಥಿದೆಶೆಯಲ್ಲಿಯೇ ಲಭಿಸಿತು. ಇವರಿಬ್ಬರೂ ಹುಟ್ಟಿದುದು ಒಂದೇ ವರುಷ, ಒಂದೇ ತಿಂಗಳು. ಒಬ್ಬರು ವಿಜಾಪುರದಲ್ಲಿ ಹುಟ್ಟಿ ಧಾರವಾಡದಲ್ಲಿ ದುಡಿದರು. ಮತ್ತೊಬ್ಬರು ಧಾರವಾಡದಲ್ಲಿ ಹುಟ್ಟಿ ವಿಜಾಪುರದಲ್ಲಿ ದುಡಿದರು. ಮುಂಬಯಿಯಲ್ಲಿ ಮರಾಠಿಗರೂ ಗುಜರಾತಿಗಳೂ ತಮ್ಮ ಭಾಷೆಯ ಪುಸ್ತಕಗಳನ್ನೂ ಪತ್ರಿಕೆಗಳನ್ನೂ ಹಣಕೊಟ್ಟು ಕೊಂಡು ಓದುವುದನ್ನು ಹಳಕಟ್ಟಿಯವರು ಕಣ್ಣಾರೆ ಕಂಡರು. ತಮ್ಮ ನುಡಿಗಾಗಿ ಏನಾದರೂ ಮಾಡಬೇಕೆಂಬ ಸಂಕಲ್ಪವು ಅಲ್ಲಿ ಮೊಳೆಯಿತು.

ಪದವಿಯಾದ ಬಳಿಕ ಸ್ವಲ್ಪಕಾಲ ಬೆಳಗಾವಿಯಲ್ಲಿದ್ದು, ಅನಂತರ ವಿಜಾಪುರಕ್ಕೆ ಬಂದು ವಕೀಲಿಯನ್ನು ಆರಂಭಿಸಿದರು. ಮಳೆ ಕಡಮೆಯಾದ, ಬರಗಾಲಕ್ಕೆ ಹೆಸರಾದ ನಾಡದು. ಅಲ್ಲಿ ವಿದ್ಯೆಯ ಬರವೂ ಹಣದ ಬರವೂ ಒಂದಕ್ಕೊಂದು ಜೊತೆಯಾಗಿದ್ದುವು. ೧೯೧೦ರಲ್ಲಿ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯ ಸ್ಥಾಪನೆಗೂ ೧೯೧೨ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಗೂ ಅವರು ಕಾರಣರಾದರು. ಮುಂಬಯಿ ವಿಧಾನ ಪರಿಷತ್ತಿನ ಸದಸ್ಯತ್ವವೂ ಅವರಿಗೆ ದೊರೆಯಿತು. ಕೈತುಂಬ ಕಕ್ಷಿಗಾರರಿದ್ದ, ಊರಿನ ಹಿರಿಯರಲ್ಲಿ ಎಣಿಕೆಯಾಗುತ್ತಿದ್ದ ವಕೀಲರು ಇಷ್ಟರಲ್ಲಿಯೇ ತೃಪ್ತರಾಗಿದ್ದರೂ ಜನರು ಅವರನ್ನು ಸ್ಮರಿಸುತ್ತಿದ್ದರು. ಆದರೆ ಅವರ ಚಿತ್ತವು ಮತ್ತೊಂದೆಡೆಯಲ್ಲಿ ನೆಟ್ಟಿದ್ದಿತು.

ವಕೀಲಿಯ ಮೊದಲ ದಿನಗಳಲ್ಲಿಯೇ ರಬಕವಿ ಬನಹಟ್ಟಿಯ ಕಡೆಯಲ್ಲಿ ಕೆಲವು ತಾಡವೋಲೆಯ ಕಟ್ಟುಗಳು ಅವರ ಕಣ್ಣಿಗೆ ಬಿದ್ದುವು. ಅವುಗಳಲ್ಲಿ ಪ್ರಭುದೇವರ ವಚನಗಳಿದ್ದುವು. ಅಂದಿನವರೆಗೆ ಶರಣರ ವಚನಗಳು ಅಲ್ಲೊಂದು ಇಲ್ಲೊಂದಾಗಿ ಅಚ್ಚಾಗಿದ್ದುವೇ ಹೊರತು ಅವುಗಳ ರಾಶಿಯು ಎಷ್ಟು, ಅವುಗಳ ಕರ್ತರು ಯಾರು ಯಾರು ಎಂಬುದನ್ನು ಒಟ್ಟಾಗಿ ತಿಳಿಸುವವರಿರಲಿಲ್ಲ. ಓಲೆಗರಿಗಳು ಮಠಗಳ ಅಟ್ಟಗಳಲ್ಲಿಯೂ ಭಕ್ತರ ಜಗುಲಿಯ ಮೇಲೆಯೂ ಇದ್ದುವು. ಜನರು ಅವುಗಳಿಗೆ ವಿಭೂತಿ ಪತ್ರೆಗಳನ್ನು ಏರಿಸಿ ಪೂಜಿಸುತ್ತಿದ್ದರು. ಆದರೆ ಬಿಚ್ಚಿ ಓದುತ್ತಿರಲಿಲ್ಲ. ಪೂಜೆಗೊಂಡ ಗ್ರಂಥವು ಓದಿಸಿಕೊಳ್ಳದೆಯೇ ನಶಿಸುತ್ತಿದ್ದಿತು. ಈ ಸ್ಥಿತಿಯನ್ನು ಕಂಡು ಮರುಗಿದ ಹಳಕಟ್ಟಿಯವರು ನ್ಯಾಯಾಲಯದ ಬಿಡುವಿನ ದಿನಗಳಲ್ಲಿ ಊರೂರು ತಿರುಗಿ, ಮಠಾಧಿಪತಿಗಳನ್ನೂ ಮನೆಯ ಯಜಮಾನರನ್ನೂ ಒಲಿಸಿ, ಬೇಡಿ, ಕಟ್ಟುಗಳನ್ನು ಕೂಡಿಸತೊಡಗಿದರು. ಕಾಲಕ್ರಮದಲ್ಲಿ ಅವರ ಸಂಗ್ರಹವು ಸಾವಿರದ ಎಣಿಕೆಯನ್ನು ಮೀರಿತು.

ಓಲೆಯ ಬರಹವನ್ನು ಓದುವುದು ಸುಲಭವಲ್ಲ. ಅದರಲ್ಲಿ ಪದ ಪದಗಳ ನಡುವೆ ತೆರಪಿಲ್ಲ. ವಾಕ್ಯ ಮುಗಿದ ಗುರುತಿಲ್ಲ. ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ಭೇದ ಕಾಣಿಸುವುದು ವಿರಳ. ಗೆದ್ದಲು ತಿಂದ ಎಡೆಯಲ್ಲಿ ಅಕ್ಷರವನ್ನು ಮತ್ತೊಂದು ಪ್ರತಿಯಿಂದ ಹುಡುಕಿ ತುಂಬಬೇಕು. ವಿಜ್ಞಾನವನ್ನೂ ಕಾನೂನನ್ನೂ ಓದಿದವರು ಈ ವಿದ್ಯೆಯನ್ನು ತಮ್ಮಷ್ಟಕ್ಕೆ ತಾವೇ ಅಭ್ಯಾಸದಿಂದ ಸಂಪಾದಿಸಿದರು. ಹೀಗೆ ಅನೇಕ ವರುಷಗಳ ಶ್ರಮದಿಂದ ವಚನಗಳನ್ನು ಆರಿಸಿ, ಷಟ್‌ಸ್ಥಲವೇ ಮೊದಲಾದ ವಿಷಯಗಳಿಗೆ ಅನುಸಾರವಾಗಿ ವಿಂಗಡಿಸಿ, ವಚನಶಾಸ್ತ್ರಸಾರವೆಂಬ ಗ್ರಂಥವನ್ನು ಸಿದ್ಧಪಡಿಸಿದರು.

ಗ್ರಂಥವು ಸಿದ್ಧವಾಯಿತು, ಅಚ್ಚು ಹಾಕುವವರು ಬೇಕಾಯಿತು. ಕನ್ನಡದ ಅಚ್ಚಿಗೆ ಆ ಕಾಲದಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯವು ಪ್ರಸಿದ್ಧವಾಗಿದ್ದಿತು. ಹಳಕಟ್ಟಿಯವರು ಹಸ್ತಪ್ರತಿಯನ್ನು ಅಲ್ಲಿಗೆ ಕಳುಹಿಸಿದರು. ಅದು ಅಚ್ಚಾಗದೆ ಹಿಂದಿರುಗಿ ಬಂದಿತು. ಹಲವು ವರುಷಗಳ ಕೆಲಸವು ಹೋದ ದಾರಿಯಲ್ಲಿಯೇ ಮರಳಿ ಮನೆಗೆ ಬಂದಾಗ ಧೃತಿಗೆಡದವರು ವಿರಳ. ಅವರು ಮತ್ತೊಂದು ಬಾಗಿಲನ್ನು ತಟ್ಟಿದರು. ಕಡೆಗೆ ೧೯೨೩ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವು ಅಚ್ಚಾಗಿ ಹೊರಬಿದ್ದಿತು. ಅದೇ ವರುಷ ಒಂಬತ್ತನೆಯ ಕನ್ನಡ ಸಾಹಿತ್ಯ ಸಮ್ಮೇಳನವು ವಿಜಾಪುರದಲ್ಲಿಯೇ ಜರುಗಿತು. ನಾಡಿನ ವಿದ್ವಾಂಸರು ಊರಿಗೆ ಬರುವ ಕಾಲಕ್ಕೂ ಗ್ರಂಥವು ಬೆಳಕು ಕಾಣುವ ಕಾಲಕ್ಕೂ ಹೀಗೆ ಒಂದು ಸುಯೋಗವು ಕೂಡಿಬಂದಿತು.

ಅಚ್ಚಾದ ಗ್ರಂಥವನ್ನು ಕೊಳ್ಳುವವರಾರು? ನಿಜವಾದ ತೊಡಕು ಇಲ್ಲಿಂದ ಮೊದಲಾಯಿತು. ಅಂದಿನ ಕನ್ನಡ ನಾಡು ಒಂದು ನಾಡಾಗಿರಲಿಲ್ಲ. ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂಬ ಬೇರೆ ಬೇರೆ ಆಡಳಿತಗಳಲ್ಲಿ ಅದು ಹರಿದು ಹಂಚಿಹೋಗಿದ್ದಿತು. ಕಲ್ಯಾಣವೂ ಕಲಬುರ್ಗಿಯೂ ನಿಜಾಮನ ಸೀಮೆಗೆ ಸೇರಿದ್ದುವು. ಅಲ್ಲಿಯ ನಾಣ್ಯ ಬೇರೆ, ಟಪಾಲಿನ ವ್ಯವಸ್ಥೆಯೂ ಬೇರೆ. ಯಾವ ಕಲ್ಯಾಣದಲ್ಲಿ ವಚನಗಳು ಹುಟ್ಟಿದುವೋ ಆ ಕಲ್ಯಾಣಕ್ಕೆ ವಚನಗಳ ಪುಸ್ತಕವನ್ನು ವಿಜಾಪುರದಿಂದ ಕಳುಹಿಸುವಾಗ ಬೆಲೆಯನ್ನು ಬೇರೊಂದು ರೂಪಾಯಿಯಲ್ಲಿ ಲೆಕ್ಕಹಾಕಬೇಕಾದಂತಹ ಕಾಲವದು. ಪುಸ್ತಕದಂಗಡಿಗಳು ದೊಡ್ಡ ಊರುಗಳಲ್ಲಿ ಮಾತ್ರ ಇದ್ದುವು. ಅಲ್ಲಿಯೂ ಶಾಲೆಯ ಪಠ್ಯಪುಸ್ತಕಗಳೇ ಹೆಚ್ಚು. ಹಳ್ಳಿಯ ಓದುಗನಿಗೆ ಪುಸ್ತಕವು ಮುಟ್ಟಬೇಕಾದರೆ ವಿ. ಪಿ. ಟಪಾಲೇ ಗತಿಯಾಗಿದ್ದಿತು. ಪುಸ್ತಕವನ್ನು ಮೊದಲು ಕಳುಹಿಸುವುದು, ಅಂಚೆಯವನು ಹಣವನ್ನು ವಸೂಲುಮಾಡಿ ತರುವುದು, ಇದು ಅದರ ಕ್ರಮ. ಆದರೆ ತರಿಸಿಕೊಂಡವನು ಆ ದಿನ ಊರಲ್ಲಿರದಿದ್ದರೆ, ಅಥವಾ ಕೈಯಲ್ಲಿ ಕಾಸಿಲ್ಲವೆಂದು ನಿರಾಕರಿಸಿದರೆ, ಕಟ್ಟು ಹಿಂದಿರುಗುತ್ತಿದ್ದಿತು. ಟಪಾಲು ಹಾಸಲು ಕಳುಹಿಸಿದವನ ತಲೆಗೆ ಬೀಳುತ್ತಿದ್ದಿತು.

ಈ ಕಷ್ಟವು ಒಬ್ಬ ಹಳಕಟ್ಟಿಯವರದಲ್ಲ. ಕಾದಂಬರಿಕಾರರಾದ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರಿಗೆ ನಡೆದು ಮಾರಿದ ಸಂಗತಿಯು ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ಆದರೆ ಗಳಗನಾಥರ ಗಂಟಿನಲ್ಲಿದ್ದುದು ಕಥೆ. ಕಥೆಗೆ ಕಿವಿಗೊಡುವವರು ಎಲ್ಲ ಊರಲ್ಲಿಯೂ ದೊರೆಯುತ್ತಾರೆ. ಶಾಸ್ತ್ರವಿಚಾರದ ಗ್ರಂಥಕ್ಕೆ ಆ ಅನುಕೂಲವಿಲ್ಲ. ಪಂಡಿತರಲ್ಲಿ ಕೆಲವರಿಗೆ ವಚನಗಳು ಸಂಸ್ಕೃತದ ಗಾಂಭೀರ್ಯವಿಲ್ಲದ ಆಡುಮಾತಾಗಿ ಕಂಡುವು. ಹೊಸ ಇಂಗ್ಲಿಷ್ ವಿದ್ಯೆಯವರಿಗೆ ಅವು ಹಳೆಯ ಮತದ ಸರಕಾಗಿ ಕಂಡುವು. ಸಾಮಾನ್ಯ ಭಕ್ತನಿಗೆ ಅವು ಪೂಜಿಸತಕ್ಕವು, ಓದತಕ್ಕವಲ್ಲ. ಓದುಗನು ಇದ್ದಲ್ಲಿಗೆ ಗ್ರಂಥವನ್ನು ಒಯ್ದರೆ ಸಾಲದು, ಓದುಗನನ್ನೇ ಹೊಸದಾಗಿ ನಿರ್ಮಾಣಮಾಡಬೇಕೆಂಬುದು ಹಳಕಟ್ಟಿಯವರಿಗೆ ಅನುಭವದಿಂದ ಮನವರಿಕೆಯಾಯಿತು.

ಈ ಉದ್ದೇಶದ ಸಾಧನೆಗೆ ಪರರ ಮುದ್ರಣಾಲಯವನ್ನು ನೆಚ್ಚಿ ಕುಳಿತರೆ ಆಗದು. ಒಂದು ಊರಲ್ಲಿ ಕರಡು ತಿದ್ದಿ ಮತ್ತೊಂದು ಊರಿಗೆ ಕಳುಹಿಸುವುದರಲ್ಲಿಯೇ ತಿಂಗಳುಗಳು ಕಳೆಯುವುವು. ಅದಕ್ಕಾಗಿ ೧೯೨೫ರಲ್ಲಿ ವಿಜಾಪುರದಲ್ಲಿಯೇ ಹಿತಚಿಂತಕವೆಂಬ ಮುದ್ರಣಾಲಯವನ್ನು ಸ್ಥಾಪಿಸಿದರು. ಯಂತ್ರಕ್ಕೂ ಅಚ್ಚಿನ ಮೊಳೆಗಳಿಗೂ ಬೇಕಾದ ಹಣಕ್ಕಾಗಿ ತಮ್ಮ ಸ್ವಂತದ ಮನೆಯನ್ನು ಮಾರಿದರು. ವಿಜಾಪುರದ ಹೆಸರಾಂತ ವಕೀಲರು ಅಲ್ಲಿಂದ ಮುಂದೆ ಬಾಡಿಗೆಯ ಮನೆಯಲ್ಲಿ ಬಾಳಿದರು. ಲೋಕದಲ್ಲಿ ಪುಸ್ತಕ ಮಾರಿ ಮನೆ ಕಟ್ಟಿದವರುಂಟು. ಮನೆ ಮಾರಿ ಪುಸ್ತಕ ಕಟ್ಟಿದವರು ಇವರು. ಧರ್ಮಪತ್ನಿಯವರಾದ ಭಾಗೀರಥಿಯವರೂ ಮಕ್ಕಳೂ ಈ ತ್ಯಾಗದಲ್ಲಿ ಪಾಲುಗೊಂಡರೆಂಬುದನ್ನು ಮರೆಯಲಾಗದು. ಗ್ರಂಥದ ಮುಖಪುಟದಲ್ಲಿ ಅವರ ಹೆಸರುಗಳಿಲ್ಲ. ಆದರೆ ಆ ಗ್ರಂಥದ ಬೆಲೆಯಲ್ಲಿ ಅವರು ತೆತ್ತ ಭಾಗವುಂಟು.

ಮರುವರುಷ, ಎಂದರೆ ೧೯೨೬ರಲ್ಲಿ, ಶಿವಾನುಭವವೆಂಬ ಪತ್ರಿಕೆಯು ಆರಂಭವಾಯಿತು. ೧೯೨೭ರಲ್ಲಿ ನವಕರ್ನಾಟಕವೆಂಬ ವಾರಪತ್ರಿಕೆಯು ಹೊರಟಿತು. ಇವೆರಡರ ಪ್ರಯೋಜನಗಳು ಬೇರೆ ಬೇರೆ. ವಾರಪತ್ರಿಕೆಯು ನಾಡಿನ ಸುದ್ದಿಯನ್ನೂ ಏಕೀಕರಣದ ವಿಚಾರವನ್ನೂ ಜನರಿಗೆ ಮುಟ್ಟಿಸುವುದಕ್ಕಾಗಿ; ಶಿವಾನುಭವವು ಶರಣಸಾಹಿತ್ಯದ ಸಂಶೋಧನೆಗಾಗಿ. ಈ ಎರಡನೆಯ ಪತ್ರಿಕೆಯೇ ಹಳಕಟ್ಟಿಯವರ ಗ್ರಂಥಪ್ರಸಾರದ ಮುಖ್ಯ ಸಾಧನವಾಯಿತು. ಅದರ ಬಗೆಯನ್ನು ವಿಚಾರಿಸಿ ನೋಡಿದರೆ ಅವರ ವ್ಯವಹಾರಜ್ಞಾನವು ಎಷ್ಟು ತೀಕ್ಷ್ಣವಾದುದೆಂಬುದು ಗೊತ್ತಾಗುವುದು.

ಒಂದು ದೊಡ್ಡ ಗ್ರಂಥವನ್ನು ಒಮ್ಮೆಗೇ ಅಚ್ಚುಹಾಕಿದರೆ ಕಾಗದಕ್ಕೂ ಕೂಲಿಗೂ ಒಮ್ಮೆಗೇ ಹಣ ಬೇಕು. ಮಾರಾಟವಾಗದಿದ್ದರೆ ಎಲ್ಲವೂ ಮುಳುಗುವುದು. ಅದೇ ಗ್ರಂಥವನ್ನು ಪತ್ರಿಕೆಯಲ್ಲಿ ಕಂತುಕಂತಾಗಿ ಪ್ರಕಟಿಸಿದರೆ ವರ್ಗಣಿದಾರರ ಹಣವು ವರುಷದ ಮೊದಲಿಗೇ ಸ್ವಲ್ಪವಾದರೂ ಕೈಸೇರುವುದು. ಗ್ರಂಥವು ಪೂರ್ತಿಯಾಗುವಷ್ಟರಲ್ಲಿ ಅದನ್ನು ಓದಿ ತಿಳಿದ ಒಂದು ಓದುಗರ ಬಳಗವೂ ಸಿದ್ಧವಾಗಿರುವುದು. ಅಲ್ಲದೆ ವಚನವೆಂಬುದು ಸ್ವಭಾವತಃ ಕಿರಿದು. ಒಂದು ಸಂಚಿಕೆಯಲ್ಲಿ ಹತ್ತು ವಚನಗಳನ್ನು ಓದಿದವನು ಎರಡನ್ನಾದರೂ ಬಾಯಿಪಾಠ ಮಾಡುವನು. ಅವನ್ನು ಭಜನೆಯಲ್ಲಿ, ಪುರಾಣದಲ್ಲಿ, ಜಾತ್ರೆಯಲ್ಲಿ ಹೇಳುವನು. ಕೇಳಿದವನು ಪುಸ್ತಕವೆಲ್ಲಿ ದೊರೆಯುವುದೆಂದು ವಿಚಾರಿಸುವನು. ಹೀಗೆ ಗ್ರಂಥವು ತನ್ನ ಪ್ರಚಾರವನ್ನು ತಾನೇ ಮಾಡಿಕೊಳ್ಳುವುದು. ಬಸವಣ್ಣನವರ, ಪ್ರಭುದೇವರ, ಮಹಾದೇವಿಯಕ್ಕನವರ, ಸಿದ್ಧರಾಮೇಶ್ವರರ ವಚನಗಳು ಹಿತಚಿಂತಕದ ಅಚ್ಚಿನಿಂದ ಒಂದಾದಮೇಲೊಂದು ಹೊರಬಂದುವು. ಗೂಳೂರು ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯು ೧೯೩೦ರಲ್ಲಿ ಪ್ರಕಟವಾಯಿತು. ಹರಿಹರನ ರಗಳೆಗಳಲ್ಲಿ ಅಲ್ಲಿಯವರೆಗೆ ಓಲೆಯಲ್ಲಿಯೇ ಉಳಿದಿದ್ದ ಅನೇಕವು ಅಚ್ಚಿನ ರೂಪವನ್ನು ಪಡೆದುವು.

ಪ್ರಸಾರಕ್ಕೆ ಅವರು ಹಿಡಿದ ಇನ್ನೊಂದು ಉಪಾಯವೆಂದರೆ ಗ್ರಂಥವನ್ನು ಓದುಗನಿಗೆ ಸುಗಮಮಾಡುವುದು. ಹಳಗನ್ನಡದ ಗ್ರಂಥಗಳನ್ನು ಅಚ್ಚುಹಾಕುತ್ತಿದ್ದ ಪಂಡಿತರಲ್ಲಿ ಹಲವರು ಮೂಲಪಾಠವನ್ನು ಶುದ್ಧವಾಗಿ ಕೊಟ್ಟರೆ ತಮ್ಮ ಕರ್ತವ್ಯವು ಮುಗಿಯಿತೆಂದು ತಿಳಿಯುತ್ತಿದ್ದರು. ಹಳಕಟ್ಟಿಯವರು ಕರ್ತೃವಿನ ಚರಿತ್ರೆಯನ್ನೂ ಸಿದ್ಧಾಂತದ ವಿವರಣೆಯನ್ನೂ ಪೀಠಿಕೆಯಾಗಿ ಬರೆದು, ಶಾಲೆಯಲ್ಲಿ ನಾಲ್ಕಾರು ತರಗತಿ ಓದಿದವನಿಗೂ ದಾರಿ ಕಾಣುವಂತೆ ಮಾಡಿದರು. ವಚನಗಳನ್ನು ವಿಷಯಾನುಕ್ರಮವಾಗಿ ಹೊಂದಿಸಿದುದರಲ್ಲಿಯೂ ಇದೇ ದೃಷ್ಟಿ. ಭಕ್ತಿಯನ್ನು ಕುರಿತು, ಕಾಯಕವನ್ನು ಕುರಿತು, ಆಚಾರವನ್ನು ಕುರಿತು ಶರಣರು ಏನು ನುಡಿದಿದ್ದಾರೆಂಬುದನ್ನು ಹುಡುಕುವವನಿಗೆ ಗ್ರಂಥವು ಒಡನೆಯೇ ಉತ್ತರಕೊಡಬೇಕು. ಕೊಂಡವನಿಗೆ ಉಪಯೋಗವಾಗದ ಪುಸ್ತಕವನ್ನು ಎರಡನೆಯವನು ಕೊಳ್ಳುವುದಿಲ್ಲ.

ಮೂರನೆಯ ಉಪಾಯವು ಅನ್ಯಭಾಷೆಯವರಿಗೆ ತಿಳಿಸುವುದು. ವಚನಶಾಸ್ತ್ರಸಾರವು ಹೊರಬೀಳುವುದಕ್ಕಿಂತ ಮೊದಲೇ, ೧೯೨೨ರಲ್ಲಿ, ಬಸವಣ್ಣನವರ ವಚನಗಳಿಗೆ ಅವರು ಮಾಡಿದ ಇಂಗ್ಲಿಷ್ ಅನುವಾದಗಳು ಇಂಡಿಯನ್ ಆಂಟಿಕ್ವೆರಿ ಎಂಬ ವಿದ್ವತ್ಪತ್ರಿಕೆಯಲ್ಲಿ ಅಚ್ಚಾದುವು. ತಮ್ಮ ಮನೆಯ ನಿಧಿಯನ್ನು ಹೊರಗಿನವರು ಮೆಚ್ಚಿದ ಮೇಲೆ ಮನೆಯವರು ತಿರುಗಿ ನೋಡುವುದು ಲೋಕದ ರೂಢಿ. ಕನ್ನಡ ವಿದ್ಯಾವಂತರಲ್ಲಿ ಈ ರೂಢಿಯು ಬಲವಾಗಿದ್ದ ಕಾಲದಲ್ಲಿ ಈ ಹೆಜ್ಜೆಯು ವಿವೇಕದ್ದೇ ಸರಿ.

೧೯೨೬ರಲ್ಲಿ ಬಳ್ಳಾರಿಯಲ್ಲಿ ನಡೆದ ಹನ್ನೆರಡನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಹಳಕಟ್ಟಿಯವರು ಅಧ್ಯಕ್ಷರಾದರು. ವಚನಶಾಸ್ತ್ರಸಾರವು ಅಚ್ಚಾಗಿ ಮೂರು ವರುಷಗಳಾಗಿದ್ದ ಕಾಲವದು; ಶಿವಾನುಭವವು ಹುಟ್ಟಿದ ವರುಷವೂ ಅದೇ. ಓಲೆಗರಿಯ ಅಟ್ಟದಲ್ಲಿದ್ದ ಸಾಹಿತ್ಯಕ್ಕೆ ಕನ್ನಡ ನಾಡಿನ ಪ್ರಧಾನ ಪೀಠದ ಮೇಲೆ ಮನ್ನಣೆ ದೊರೆತಂತಾಯಿತು. ಮತೀಯ ಗ್ರಂಥಗಳೆಂದು ಒಂದು ಸಮಾಜದವರಿಗೆ ಮಾತ್ರ ಸೇರಿದುವೆಂಬ ಭಾವನೆಯಲ್ಲಿದ್ದ ವಚನಗಳು ಎಲ್ಲ ಕನ್ನಡಿಗರ ಸೊತ್ತೆಂಬುದು ಅಲ್ಲಿಂದೀಚೆಗೆ ಕ್ರಮವಾಗಿ ನೆಲೆಗೊಂಡಿತು.

ಇಷ್ಟಾದರೂ ಒಂದು ಪ್ರಶ್ನೆಯು ಉಳಿಯುತ್ತದೆ. ಅದನ್ನು ಮರೆಮಾಚುವುದು ಉಚಿತವಲ್ಲ. ಶರಣರ ನುಡಿಗೆ ಬೆಲೆಕಟ್ಟಿ ಮಾರುವುದು ತಕ್ಕುದೇ? ಅನುಭಾವವನ್ನು ಆಣೆ ಪೈಗಳಲ್ಲಿ ಅಳೆಯಬಹುದೇ? ತಾನು ಸಿದ್ಧಪಡಿಸಿದ ಗ್ರಂಥವನ್ನು ತಾನೇ ಹೊಗಳಿ ಕೊಳ್ಳಿರೆಂದು ಕೇಳುವುದು ಆತ್ಮಸ್ತುತಿಯಾಗದೇ? ಬರೆಯುವವರೆಲ್ಲರಿಗೂ ಅಡ್ಡಬರುವ ಸಂಕೋಚವಿದು. ಉಚಿತವಾಗಿ ಹಂಚಿದರೆ ದಾನದ ಹೆಸರು ಬರುವುದು. ಆದರೆ ಉಚಿತವಾಗಿ ಬಂದ ಪುಸ್ತಕವು ಮತ್ತೆ ಜಗುಲಿಯನ್ನೇ ಏರಿ ಪೂಜೆಗೊಳ್ಳುವ ಭಯವುಂಟು. ಕಾಸು ಕೊಟ್ಟವನು ಓದುತ್ತಾನೆ. ಅಲ್ಲದೆ ಮೊದಲನೆಯ ಗ್ರಂಥದ ಹಣವು ಮರಳಿ ಬರದಿದ್ದರೆ ಎರಡನೆಯದು ಅಚ್ಚಾಗುವುದಿಲ್ಲ. ಓಲೆಯು ಗೆದ್ದಲಿಗೆ ಕಾಯುವುದಿಲ್ಲ.

ಹಳಕಟ್ಟಿಯವರು ಇದಕ್ಕೆ ವಾದದಿಂದ ಉತ್ತರ ಕೊಡಲಿಲ್ಲ, ನಡೆಯಿಂದ ಕೊಟ್ಟರು. ಅವರು ಹಣವನ್ನು ಕೇಳಿದರು. ಬಂದ ಹಣವನ್ನು ಮತ್ತೊಂದು ಗ್ರಂಥಕ್ಕೆ ಸುರಿದರು. ಸಾಲದೆ ಬಂದುದಕ್ಕೆ ವಕೀಲಿಯ ಗಳಿಕೆಯನ್ನು ಕೂಡಿಸಿದರು. ಶರಣರ ಮತದಲ್ಲಿ ಕಾಯಕದಿಂದ ಬಂದುದನ್ನು ಕೂಡಿಡದೆ ದಾಸೋಹಕ್ಕೆ ಸಲ್ಲಿಸಿದರೆ ಆ ಕಾಯಕಕ್ಕೆ ದೋಷವಿಲ್ಲ. ಇಲ್ಲಿ ಮಾರಾಟವೇ ಕಾಯಕವಾಯಿತು. ಮುಂದಿನ ಗ್ರಂಥವೇ ದಾಸೋಹವಾಯಿತು. ಆತ್ಮಸ್ತುತಿಯ ಮಾತಿಗೂ ಇಲ್ಲಿ ಎಡೆಯಿಲ್ಲ. ಅವರು ಪ್ರಚಾರಮಾಡಿದುದು ತಮ್ಮ ಹೆಸರನ್ನಲ್ಲ, ಬಸವಾದಿ ಪ್ರಮಥರ ಹೆಸರನ್ನು. ತನಗಾಗಿ ಬೇಡಲು ನಾಚುವ ಮನುಷ್ಯನು ಲಿಂಗಜಂಗಮಕ್ಕಾಗಿ ಬೇಡಲು ನಾಚಬೇಕಾಗಿಲ್ಲ.

ಆದರೆ ಈ ಕಾಯಕವು ಅವರ ಬಾಳನ್ನು ಹಗುರಮಾಡಲಿಲ್ಲ. ಪತ್ರಿಕೆಗೆ ಬರೆಯುವವರು, ಅದರ ಕರಡನ್ನು ತಿದ್ದುವವರು, ವರ್ಗಣಿಯ ಲೆಕ್ಕವನ್ನು ನೋಡುವವರು ಬಹುಮಟ್ಟಿಗೆ ಅವರೊಬ್ಬರೇ. ಅವರು ತೇಪೆ ಹಾಕಿದ ಹಳೆಯ ಕೋಟನ್ನು ತೊಟ್ಟು ವಿಜಾಪುರದ ಬೀದಿಗಳಲ್ಲಿ ಓಡಾಡುತ್ತಿದ್ದರೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ರಾವ್ ಬಹಾದ್ದೂರ್ ಬಿರುದನ್ನು ಪಡೆದವರ ವೇಷವಿದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಾಗದದ ಅಭಾವವು ನಾಡಿನ ಪತ್ರಿಕೆಗಳನ್ನೆಲ್ಲ ಬಾಧಿಸಿತು. ಎಷ್ಟೋ ಪತ್ರಿಕೆಗಳು ನಿಂತುಹೋದುವು. ಶಿವಾನುಭವವು ಅಂತಹ ಸಂಕಟಗಳನ್ನೆಲ್ಲ ದಾಟಿ ಮೂರು ದಶಕಗಳನ್ನು ಮೀರಿ ಬಾಳಿತು. ಕನ್ನಡದ ಸಂಶೋಧನ ಪತ್ರಿಕೆಯೊಂದು ಒಬ್ಬ ವ್ಯಕ್ತಿಯ ಆಧಾರದಿಂದ ಇಷ್ಟು ಕಾಲ ನಡೆದುದು ಸಾಮಾನ್ಯ ಸಂಗತಿಯಲ್ಲ.

ಅವರ ಕೆಲಸದಲ್ಲಿ ಕೊರತೆಗಳಿರಲಿಲ್ಲವೆಂದು ಹೇಳಿದರೆ ಅವರಿಗೆ ಗೌರವ ತೋರಿದಂತಾಗುವುದಿಲ್ಲ. ವಚನಗಳನ್ನು ವಿಷಯಕ್ಕೆ ತಕ್ಕಂತೆ ಬೇರ್ಪಡಿಸಿ ಜೋಡಿಸಿದುದರಿಂದ ಓಲೆಯ ಪ್ರತಿಗಳಲ್ಲಿದ್ದ ಮೂಲದ ಅನುಕ್ರಮವು ಕಾಣದಂತಾಯಿತು. ಒಬ್ಬರೇ ಕೂತು ವೇಗದಿಂದ ಅಚ್ಚುಹಾಕಿದ ಗ್ರಂಥಗಳಲ್ಲಿ ಪಾಠಭೇದಗಳ ಪರಿಶೀಲನೆಗೆ ಸಾಕಷ್ಟು ಅವಕಾಶವಿರಲಿಲ್ಲ. ಮುಂದೆ ಬಂದ ವಿದ್ವಾಂಸರು ಹೆಚ್ಚಿನ ಪ್ರತಿಗಳನ್ನಿಟ್ಟುಕೊಂಡು ಅನೇಕ ಕೃತಿಗಳನ್ನು ಮತ್ತೆ ಸಂಪಾದಿಸಬೇಕಾಯಿತು. ಆದರೆ ಮತ್ತೆ ಸಂಪಾದಿಸುವುದಕ್ಕೆ ಮೊದಲು ಒಂದು ಸಂಪಾದನೆಯಿರಬೇಕು. ಅದನ್ನು ಬೇಡುವ ಓದುಗರೂ ಇರಬೇಕು. ಈ ಎರಡನ್ನೂ ಒದಗಿಸಿದವರು ಅವರು. ಪಾಠವು ಪೂರ್ಣಶುದ್ಧವಾಗುವವರೆಗೆ ಅಚ್ಚನ್ನು ತಡೆಹಿಡಿದಿದ್ದರೆ, ಹಲವು ಓಲೆಗಳು ಅಷ್ಟರಲ್ಲಿ ಮಣ್ಣಾಗಿ ಹೋಗುತ್ತಿದ್ದುವು. ಉಳಿಸುವುದು ಮೊದಲೋ, ತಿದ್ದುವುದು ಮೊದಲೋ ಎಂಬ ಆಯ್ಕೆಯಲ್ಲಿ ಅವರು ಉಳಿಸುವುದನ್ನು ಮೊದಲಿಗಿಟ್ಟರು.

೧೯೫೬ನೆಯ ಇಸವಿಯು ಅವರ ಪಾಲಿಗೆ ಎರಡು ಬಗೆಯಿಂದ ಶುಭವಾಯಿತು. ಹರಿದುಹೋಗಿದ್ದ ಕನ್ನಡ ಸೀಮೆಗಳು ಆ ವರುಷ ಒಂದು ರಾಜ್ಯವಾದುವು. ಕಲ್ಯಾಣಕ್ಕೂ ವಿಜಾಪುರಕ್ಕೂ ನಡುವೆ ಇದ್ದ ಗಡಿಯು ಅಳಿಯಿತು. ಅದೇ ವರುಷ ಕರ್ನಾಟಕ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಿ. ಲಿಟ್. ಪದವಿಯನ್ನು ಅರ್ಪಿಸಿತು. ಆಗ ಅವರಿಗೆ ಎಪ್ಪತ್ತಾರು ವರುಷ. ವಚನಗಳು ಅಷ್ಟರಲ್ಲಿ ಕಾಲೇಜಿನ ಪಠ್ಯಗಳಾಗಿದ್ದುವು, ಸಂಗೀತಗಾರರ ಕಂಠವನ್ನು ಸೇರಿದ್ದುವು, ಮತಭೇದವಿಲ್ಲದೆ ನಾಡವರ ಮಾತಿನಲ್ಲಿ ಬೆರೆತಿದ್ದುವು. ಯಾವ ಓದುಗನನ್ನು ಹುಡುಕುತ್ತ ಅವರು ಹೊರಟಿದ್ದರೋ ಆ ಓದುಗನು ಈಗ ತಾನಾಗಿಯೇ ಪುಸ್ತಕವನ್ನು ಹುಡುಕಿಕೊಂಡು ಬರುತ್ತಿದ್ದನು. ೧೯೬೪ನೆಯ ಇಸವಿ ಜೂನ್ ೨೯ರಂದು ಹಳಕಟ್ಟಿಯವರು ವಿಜಾಪುರದಲ್ಲಿ ಲಿಂಗೈಕ್ಯರಾದರು. ಇನ್ನು ಮೂರು ದಿನಗಳು ಕಳೆದಿದ್ದರೆ ಎಂಬತ್ತನಾಲ್ಕು ತುಂಬುತ್ತಿದ್ದುವು.

ಅವರು ಹಾಕಿದ ಬುನಾದಿಯ ಮೇಲೆ ಮುಂದೆ ದೊಡ್ಡ ಕಟ್ಟಡವೆದ್ದಿತು. ೧೯೯೩ರಲ್ಲಿ ಕರ್ನಾಟಕ ಸರಕಾರವು ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನಸಾಹಿತ್ಯವನ್ನು ೧೫ ಸಂಪುಟಗಳಲ್ಲಿ ಜನರಿಗೆ ನೀಡಿತು; ಅವುಗಳಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳಿವೆ. ಹಳಕಟ್ಟಿಯವರ ಸ್ವಂತ ಬರಹಗಳೂ ಅವರ ಹೆಸರಿನ ಸಂಶೋಧನ ಕೇಂದ್ರದಿಂದ ಸಂಪುಟಗಳಾಗಿ ಪ್ರಕಟವಾಗಿವೆ. ಊರಿನ ಹೆಸರು ೨೦೧೪ರಲ್ಲಿ ವಿಜಯಪುರವೆಂದಾಯಿತು. ಅವರು ಹುಟ್ಟಿದ ಜುಲೈ ೨ನೆಯ ದಿನವು ವಚನಸಾಹಿತ್ಯ ಸಂರಕ್ಷಣೆಯ ದಿನವೆಂದು ಆಚರಿಸಲ್ಪಡುತ್ತಿದೆ.

ಸಂರಕ್ಷಣೆಯೆಂದರೆ ಪೆಟ್ಟಿಗೆಯಲ್ಲಿಟ್ಟು ಬೀಗಹಾಕುವುದಲ್ಲ. ಅಂತಹ ಸಂರಕ್ಷಣೆಯು ಹಳಕಟ್ಟಿಯವರು ಹುಟ್ಟುವ ಮೊದಲೂ ಇದ್ದಿತು. ಪೂಜೆಯ ಹೆಸರಿನಲ್ಲಿ ಓಲೆಗಳನ್ನು ಅದು ನುಂಗುತ್ತಲೂ ಇದ್ದಿತು. ಗ್ರಂಥವು ಉಳಿಯುವುದು ಅದು ಕೈಯಿಂದ ಕೈಗೆ, ಬಾಯಿಂದ ಬಾಯಿಗೆ ಹೋಗುವುದರಿಂದ. ಬರೆದವನೂ ಸಂಪಾದಿಸಿದವನೂ ಆ ದಾರಿಯ ಮೊದಲ ಕೆಲವು ಹೆಜ್ಜೆಗಳನ್ನು ತಾನೇ ನಡೆಯಬೇಕಾಗುತ್ತದೆ. ಅದನ್ನು ಕೀಳೆಂದು ಬಗೆದವನ ಗ್ರಂಥವು ಹೊಸಿಲನ್ನು ದಾಟುವುದಿಲ್ಲ. ಇಂದು ಕನ್ನಡ ನಾಡಿನ ಯಾವುದೇ ಮನೆಯಲ್ಲಿ ಒಂದು ಮಗುವು ಒಂದು ವಚನವನ್ನು ಬಾಯಿಪಾಠ ಒಪ್ಪಿಸುವಾಗ, ಆ ನುಡಿಯು ಕಲ್ಯಾಣದಿಂದ ಆ ಮನೆಯವರೆಗೆ ಬಂದ ದಾರಿಯಲ್ಲಿ ವಿಜಾಪುರದ ಒಂದು ಬಾಡಿಗೆಯ ಮನೆಯೂ ಇದೆಯೆಂಬುದನ್ನು ನೆನೆಯುವುದು ಉಚಿತ.